ಸುಗಂಧರಾಜದ ಗೆಡ್ಡೆ ಕಿತ್ತು ಎಸೆಯಬೇಡಿ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಿತ್ತಲಿನ ಸುಗಂಧರಾಜವನ್ನೆಲ್ಲ ಕಿತ್ತು ಹಾಕಲು ಹೊರಟಿದ್ದೆ. ಒಂದೊಂದು ಗಿಡ ಒಂದೊಂದೇ ಕಡ್ಡಿ ಹೂ ಕೊಟ್ಟು ಸುಮ್ಮನಾಗಿತ್ತು. ಆಮೇಲೆ ಬರೀ ಎಲೆ, ಹುಲ್ಲಿನ ಹಾಗೆ. ಅತ್ತೆ ಬಂದು ತಡೆದರು. "ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡಲ್ಲ ಕಣಮ್ಮ, ಸುತ್ತ ಮರಿ ಹಾಕಿರುತ್ತೆ ನೋಡು, ಅವು ಬಿಡ್ತವೆ" ಅಂದರು. ಅಗೆದು ನೋಡಿದರೆ ನಿಜ. ತಾಯಿ ಗೆಡ್ಡೆಯ ಸುತ್ತ ಬೆಳ್ಳುಳ್ಳಿ ಎಸಳಿನ ಹಾಗೆ ಎಂಟು ಹತ್ತು ಮರಿ ಅಂಟಿಕೊಂಡಿದ್ದವು.

ಫೆಬ್ರವರಿಯಲ್ಲಿ ಅವನ್ನು ಬಿಡಿಸಿ ನೆಟ್ಟೆ. ಎರಡು ಸೆಂ.ಮೀ.ಗಿಂತ ದಪ್ಪ ಇರುವುದನ್ನು ಆರಿಸಿ ಒಂದು ಕಡೆ, ಸಣ್ಣವನ್ನು ಇನ್ನೊಂದು ಕಡೆ. ಸಣ್ಣವು ಈ ವರ್ಷ ಹೂ ಬಿಡುವುದು ಕಷ್ಟ, ಸುಮ್ನೆ ದಪ್ಪಗಾಗಲಿ ಅಂತ ಬಿಟ್ಟಿದ್ದೇನೆ. ಐದು ಸೆಂ.ಮೀ. ಆಳ, ಗೆಡ್ಡೆಯಿಂದ ಗೆಡ್ಡೆಗೆ ಒಂದು ಗೇಣು ಜಾಗ, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಅಷ್ಟೇ. ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಅದಕ್ಕೇ ನಾನು ಮಡಿಯನ್ನು ಸ್ವಲ್ಪ ಎತ್ತರ ಮಾಡಿಕೊಂಡೆ. ಕುಂಡದಲ್ಲಿ ಬೆಳೆಸುವವರು ತಳದ ತೂತು ಮುಚ್ಚಿಕೊಂಡಿಲ್ಲವಾ ನೋಡಿಕೊಳ್ಳಿ.

ಮೂರು ತಿಂಗಳಿಗೆ ಕಡ್ಡಿ ಎದ್ದಿತು. ಕೆಳಗಿನಿಂದ ಮೇಲಕ್ಕೆ ದಿನಕ್ಕೆ ಒಂದೆರಡು ಮೊಗ್ಗು ಅರಳುತ್ತವೆ, ಹಾಗಾಗಿ ಒಂದೇ ಕಡ್ಡಿ ಎರಡು ವಾರದ ಹತ್ತಿರ ಬರುತ್ತದೆ.

ಗೆಡ್ಡೆ ಕೊಳ್ಳುವಾಗ ಸಿಂಗಲ್, ಅಂದರೆ ಒಂದೇ ಸುತ್ತು ಎಸಳಿನದು, ಅಂತ ಕೇಳಿ ಕೊಳ್ಳಿ. ಡಬಲ್ ನೋಡಲು ತುಂಬಿಕೊಂಡಿರುತ್ತದೆ, ಹೂದಾನಿಗೆ ಚೆನ್ನ, ಆದರೆ ಪರಿಮಳ ಸಿಂಗಲ್‌ನಷ್ಟು ಇಲ್ಲ. ಮದುವೆ ಹಾರಕ್ಕೆ ಪೋಣಿಸುವುದೂ ಸಿಂಗಲ್ಲೇ. ನನ್ನದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಪ್ರಜ್ವಲ್ ತಳಿ. ಮೊಗ್ಗಿಗೆ ತೆಳು ಗುಲಾಬಿ ಬಣ್ಣ, ಅರಳಿದರೆ ಬಿಳಿ.

ಈ ಗಿಡದ ಮೂಲ ಮೆಕ್ಸಿಕೋ ಅಂದರೆ ನಂಬಲೇ ಆಗುವುದಿಲ್ಲ, ಅಷ್ಟು ನಮ್ಮದಾಗಿಬಿಟ್ಟಿದೆ ಅಲ್ವಾ? ಕತ್ತಲಾದ ಮೇಲೆ ಘಮ ಜಾಸ್ತಿಯಾಗುತ್ತದೆ, ರಾತ್ರಿ ಹಾರುವ ಪತಂಗಗಳನ್ನು ಕರೆಯಲು. ಮೊನ್ನೆ ಕರೆಂಟ್ ಹೋಗಿ, ಸೆಕೆ ತಡೆಯಲಾಗದೆ ಹಿತ್ತಲ ಬಾಗಿಲು ತೆಗೆದಾಗ ಮನೆಯೆಲ್ಲ ಅದೇ ಪರಿಮಳ. ಅತ್ತೆ ಅಲ್ಲೇ ಹೊಸ್ತಿಲ ಹತ್ತಿರ ಚಾಪೆ ಹಾಕಿಕೊಂಡು ಮಲಗಿದರು. ಕರೆಂಟ್ ಬಂದ ಮೇಲೂ ಒಳಗೆ ಬರಲಿಲ್ಲ.