ಬರೋಸಾ 1811: ಕೊನೆಗೂ ಬಾವುಟಕ್ಕೆ ಕೈ ಹಾಕಿದೆ

ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ಬೇಕಾದ ಬೊಂಬೆ ಸೈನಿಕರಿಗೆ ಬಣ್ಣ ಹಚ್ಚಿ ಮುಗಿಸಿ ಒಂದು ತಿಂಗಳಾಯ್ತು. ಒಂದು ಕಡೆ ಫ್ರೆಂಚರ 8ನೇ ಲೈನ್ (ಸಾಮಾನ್ಯ ಪದಾತಿ) ರೆಜಿಮೆಂಟ್, ಎದುರಿಗೆ ಬ್ರಿಟಿಷರ 87ನೇ ರೆಜಿಮೆಂಟ್. ಎಲ್ಲಾ 28 ಮಿಲಿಮೀಟರ್ ಬೊಂಬೆಗಳು. 1811ರ ಮಾರ್ಚ್ 5ರಂದು ಸ್ಪೇನಿನ ಕಾದಿಸ್ ಹತ್ತಿರ ನಡೆದ ಬರೋಸಾ ಕದನಕ್ಕೆ ಅಂತ ಮಾಡಿದ್ದು. ಆದರೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರೆ ಏನೋ ಬೋಳು ಬೋಳು. ಬಾವುಟ ಹಿಡಿಯಬೇಕಾದವರು ಬರೀ ಮುಷ್ಟಿ ಎತ್ತಿಕೊಂಡು ನಿಂತಿದ್ದರು, ಬಸ್ಸಿನಲ್ಲಿ ಹಿಡಿದುಕೊಳ್ಳಲು ಕಂಬಿ ಸಿಗದವರ ಹಾಗೆ.

ಈ ಜೋಡಿಯನ್ನು ಆರಿಸಿಕೊಂಡದ್ದೇ ಬಾವುಟದ ಆಸೆಗೆ. ಫ್ರೆಂಚರ ಬಾವುಟದ ಕೋಲಿನ ತುದಿಯಲ್ಲಿ ಲೋಹದ ಒಂದು ಹದ್ದು ಇರುತ್ತಿತ್ತು. ಕದನದಲ್ಲಿ ಬ್ರಿಟಿಷರು ಕಿತ್ತುಕೊಂಡ ಮೊದಲ ಹದ್ದು ಈ 8ನೇ ರೆಜಿಮೆಂಟಿನದು, ಕಿತ್ತುಕೊಂಡವರು 87ನೆಯವರು. ನನ್ನ ಆಟದಲ್ಲೂ ಆ ಹದ್ದು ಕೊನೆಗೆ ಯಾರ ಕೈಲಿದೆ ಅನ್ನೋದರ ಮೇಲೇ ಸೋಲು, ಗೆಲುವು. ಅಂಥ ವಸ್ತುವನ್ನು ಸುಮ್ನೆ ಅಂಟಿಸಿ ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮೊದಲು ಅಳತೆ. 28 ಮಿಲಿಮೀಟರ್ ಬೊಂಬೆ ಅಂದರೆ ಹೆಚ್ಚು ಕಡಿಮೆ 1ಕ್ಕೆ 56ರ ಲೆಕ್ಕ. ಫ್ರೆಂಚರ 1804ರ ಮಾದರಿಯ ಬಾವುಟ 80 ಸೆಂಟಿಮೀಟರ್ ಚೌಕ. ಭಾಗಿಸಿದರೆ ಬರುವುದು ಬರೀ 14 ಮಿಲಿಮೀಟರ್. ಬ್ರಿಟಿಷರದ್ದು 6 ಅಡಿ 6 ಇಂಚು ಉದ್ದ, 6 ಅಡಿ ಎತ್ತರ. ಅದು 35 ಮಿಲಿಮೀಟರಿಗೆ 33 ಆಗುತ್ತದೆ. ಕೋಲು 9 ಅಡಿ 10 ಇಂಚು, ಅಂದರೆ ಸುಮಾರು 54 ಮಿಲಿಮೀಟರ್. ಎರಡನ್ನೂ ಬಿಳಿ ಕಾಗದದಲ್ಲಿ ಕತ್ತರಿಸಿ ಪಕ್ಕಪಕ್ಕ ಇಟ್ಟೆ. ಒಂದು ಅಂಚೆಚೀಟಿ, ಇನ್ನೊಂದು ಹಾಸಿಗೆ ಹೊದಿಕೆ! ಲೆಕ್ಕ ಸರಿಯಾಗಿಯೇ ಇದೆ, ಕಣ್ಣು ಒಪ್ಪಲ್ಲ. ಎರಡು ದಿನ ಯೋಚಿಸಿ ಫ್ರೆಂಚರದ್ದನ್ನು 18ಕ್ಕೆ ಏರಿಸಿದೆ. ಬ್ರಿಟಿಷರದ್ದನ್ನು ಮುಟ್ಟಲಿಲ್ಲ. ಅಷ್ಟು ದೊಡ್ಡ ರೇಷ್ಮೆ ಬಟ್ಟೆಯನ್ನು ಗಾಳಿಯಲ್ಲಿ ಹಿಡಿದು ನಿಲ್ಲುವುದು ಎಂಥ ಪಾಡು ಅಂತ ನೋಡಿದವರಿಗೂ ಗೊತ್ತಾಗಲಿ.

ನಾನು ಎಡವಿದ್ದು ಹಿಂಬದಿಯಲ್ಲಿ. ಕಾಗದದ ಬಾವುಟಕ್ಕೆ ಎರಡು ಮುಖವನ್ನೂ ಅಕ್ಕಪಕ್ಕ ಪ್ರಿಂಟ್ ಮಾಡಿ, ನಡುವೆ ಕೋಲಿಟ್ಟು, ಪುಸ್ತಕದ ಹಾಗೆ ಮಡಿಸಿ ಅಂಟಿಸಬೇಕು. ಬ್ರಿಟಿಷರ ಯೂನಿಯನ್ ಬಾವುಟದಲ್ಲಿ (ಯೂನಿಯನ್ ಜ್ಯಾಕ್) ಕೋಲಿನ ಪಕ್ಕ ಓರೆಯಾದ ಅಗಲ ಬಿಳಿ ಪಟ್ಟಿ ಓರೆ ಕೆಂಪಿನ ಮೇಲ್ಗಡೆ ಇರಬೇಕು, ಯಾವ ಕಡೆಯಿಂದ ನೋಡಿದರೂ. ನಾನು ಒಂದೇ ಚಿತ್ರವನ್ನು ಎರಡು ಸಲ ಹಾಕಿದ್ದೆ. ಮಡಿಸಿದ ಮೇಲೆ ನೋಡಿದರೆ ಹಿಂಬದಿಯಲ್ಲಿ ಅಗಲ ಪಟ್ಟಿ ಕೆಳಗೆ ಹೋಗಿ ಕೂತಿದೆ. ಸರಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಬೇಕು ಅಂತ ಬುದ್ಧಿ ಬಂತು. ಅದೇ ಬುದ್ಧಿಯನ್ನು ಫ್ರೆಂಚ್ ಬಾವುಟಕ್ಕೂ ಓಡಿಸಿದೆ. ಅಲ್ಲಿ ನಡುವೆ ಬಿಳಿ ವಜ್ರಾಕಾರ, ಮೂಲೆಗಳಲ್ಲಿ ನೀಲಿ, ಕೆಂಪು, ಒಂದು ಬಿಟ್ಟು ಒಂದು. ಬಣ್ಣಗಳೇನೋ ಸರಿ ಬಂದವು. ಬರಹ ಉಲ್ಟಾ! ಬಣ್ಣವನ್ನು ಮಾತ್ರ ತಿರುಗಿಸಬೇಕು, ಅಕ್ಷರವನ್ನಲ್ಲ. ಅದೂ ಅಲ್ಲದೆ ಎರಡು ಮುಖದ ಬರಹವೇ ಬೇರೆ ಬೇರೆ. ಮುಂದೆ 'ಫ್ರೆಂಚರ ಚಕ್ರವರ್ತಿಯಿಂದ 8ನೇ ಲೈನ್ ಪದಾತಿ ರೆಜಿಮೆಂಟಿಗೆ', ಹಿಂದೆ 'ಶೌರ್ಯ ಮತ್ತು ಶಿಸ್ತು', ಕೆಳಗೆ ಬೆಟಾಲಿಯನ್ (ರೆಜಿಮೆಂಟಿನೊಳಗಿನ ತುಕಡಿ) ಸಂಖ್ಯೆ, ಎಲ್ಲಾ ಫ್ರೆಂಚ್ ಭಾಷೆಯಲ್ಲಿ. 18 ಮಿಲಿಮೀಟರಿನಲ್ಲಿ ಇದನ್ನು ಯಾರು ಓದುತ್ತಾರೆ ಅಂತ ಕೇಳಬೇಡಿ. ನಾನು ಓದುತ್ತೇನೆ.

ಮೂರನೇ ಪ್ರಿಂಟು ಸರಿಯಾಯ್ತು, ಅಂಟು ಹಚ್ಚಿದ ತಕ್ಷಣ ಹಾಳಾಯ್ತು. ಇಂಕ್‌ಜೆಟ್ ಶಾಯಿ ನೀರಿಗೆ ಕರಗುತ್ತೆ ಅನ್ನೋದು ನೆನಪೇ ಇರಲಿಲ್ಲ. ಬಿಳಿ ಅಂಟಿನ ತೇವಕ್ಕೆ ಕೆಂಪು ಹರಿದು ವಜ್ರವೆಲ್ಲ ಗುಲಾಬಿ. ಆಮೇಲೆ ಲೇಸರ್ ಪ್ರಿಂಟರಿಗೆ ಹೋದೆ, ತೊಂದರೆ ಬರಲಿಲ್ಲ. ಇನ್ನೊಂದು ಮಾತು: ಎರಡು ಮುಖದ ನಡುವೆ ಕೋಲಿಗೆ ಸುತ್ತಲು 3 ಮಿಲಿಮೀಟರ್ ಪಟ್ಟಿ ಬಿಡಿ. 1 ಮಿಲಿಮೀಟರ್ ದಪ್ಪದ ಕಂಬಿಯ ಸುತ್ತಳತೆ ಅಷ್ಟೇ. ಬಿಡದಿದ್ದರೆ ಮೂಲೆಯ ಬಣ್ಣವನ್ನು ಕೋಲೇ ನುಂಗುತ್ತೆ.

ಕೋಲಿನದ್ದು ಬೇಗ ಮುಗಿಯಿತು. ಬೊಂಬೆಯ ಜೊತೆ ಬಂದ ಮೆದು ಲೋಹದ ಕೋಲು ಕೈ ತಾಗಿದರೆ ಬಾಗುತ್ತಿತ್ತು. ಅದನ್ನು ಬಿಸಾಕಿ ಹಿತ್ತಾಳೆ ಕಂಬಿ ಹಾಕಿದೆ. ಮುಷ್ಟಿಗೆ ತೂತು ಕೊರೆಯುವಾಗ ಅರ್ಧ ಮೇಲಿಂದ, ಅರ್ಧ ಕೆಳಗಿಂದ ಕೊರೆಯಿರಿ. ನಾನು ಒಂದೇ ಕಡೆಯಿಂದ ಕೊರೆಯಲು ಹೋಗಿ 87ನೆಯವರ ಹುಡುಗನೊಬ್ಬನ ಮಣಿಕಟ್ಟಿನಿಂದ ಡ್ರಿಲ್ ಹೊರಬಂತು. ಪುಟ್ಟಿ ಮೆತ್ತಿ ಮುಚ್ಚಿದೆ, ಪಾಪ.

ನಿಜವಾದ ಮಜಾ ಇರೋದು ನೆರಿಗೆಯಲ್ಲಿ. ಅಂಟು ಹಚ್ಚಿ, ಕೋಲಿನಿಂದ ಹೊರಗಡೆಗೆ ಬೆರಳಲ್ಲಿ ಒತ್ತುತ್ತಾ ಬಂದು ಗಾಳಿ ಗುಳ್ಳೆ ತೆಗೆಯಬೇಕು. ಕಾಗದ ಇನ್ನೂ ಹಸಿ ಇರುವಾಗಲೇ ಬ್ರಶ್ಶಿನ ಹಿಡಿಗೆ ಸುತ್ತಿ ಬಾಗಿಸಬೇಕು. ಮೊದಲ ಸಲ ನೇರ ಮೇಲಿಂದ ಕೆಳಕ್ಕೆ ಒಂದೇ ಅಂತರದಲ್ಲಿ ಏಳೆಂಟು ಅಲೆ ಮಾಡಿದೆ. ಒಣಗಿದ ಮೇಲೆ ನೋಡಿದರೆ ತಗಡಿನ ಶೀಟು! ಬಟ್ಟೆ ತನ್ನ ಭಾರಕ್ಕೆ ಜಗ್ಗುತ್ತೆ, ಅಲ್ವಾ? ಅದು ನೇತಾಡುವುದು ಕೋಲಿನ ಮೇಲ್ತುದಿಯಿಂದ. ಹಾಗಾಗಿ ನೆರಿಗೆಗಳು ಅಲ್ಲಿಂದ ಹೊರಟು ಓರೆಯಾಗಿ ಹೊರಗಿನ ಕೆಳಮೂಲೆಗೆ ಇಳಿಯಬೇಕು. ಮೂರು ಸಾಕು, ಒಂದು ದೊಡ್ಡದು, ಎರಡು ಸಣ್ಣದು.

ಒಣಗಿದ ಮೇಲೆ ಬಣ್ಣ. ಪ್ರಿಂಟಿನ ಬಣ್ಣ ಎಲ್ಲಾ ಕಡೆ ಒಂದೇ ಥರ ಇರೋದರಿಂದ ನೆರಿಗೆ ಕಾಣೋದೇ ಇಲ್ಲ. ನೀಲಿಯ ತಗ್ಗಿಗೆ ಗಾಢ ನೀಲಿ, ಉಬ್ಬಿಗೆ ತಿಳಿ ನೀಲಿ ಎಳೆದೆ. ಬಿಳಿಯ ತಗ್ಗಿಗೆ ಕಪ್ಪು ಬೇಡ, ಕೊಳೆಯ ಹಾಗೆ ಕಾಣುತ್ತೆ. ತುಂಬಾ ತೆಳ್ಳಗಿನ ಬೂದು ಸಾಕು. ಆಮೇಲೆ ಕತ್ತರಿಸಿದ ಅಂಚು. ಅಲ್ಲಿ ಕಾಗದದ ಬಿಳಿ ಗೆರೆ ಇಣುಕುತ್ತಿರುತ್ತೆ, 'ನಾನು ಕಾಗದ' ಅಂತ ಕೂಗಿ ಹೇಳುತ್ತೆ. ಬ್ರಶ್ಶನ್ನು ಅಡ್ಡ ಹಿಡಿದು ಅಂಚಿನ ಉದ್ದಕ್ಕೂ ಅದೇ ಬಣ್ಣ ಸವರಿದೆ. ಎರಡು ನಿಮಿಷದ ಕೆಲಸ. ಇಡೀ ತಿಂಗಳಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ.

ಇವತ್ತಿಗೆ 87ನೆಯವರ ಎರಡೂ ಬಾವುಟ ಮುಗಿದಿವೆ. ಒಂದು ಯೂನಿಯನ್, ಇನ್ನೊಂದು ಅವರ ಕೋಟಿನ ಕಾಲರಿನ ಹಸಿರು, ಮೂಲೆಯಲ್ಲಿ ಚಿಕ್ಕ ಯೂನಿಯನ್. ನನಗೆ ಹಸಿರೇ ಜಾಸ್ತಿ ಇಷ್ಟ. ಫ್ರೆಂಚರ ಮೊದಲ ಬೆಟಾಲಿಯನ್ನಿನ ಬಾವುಟವೂ ನೀಲಿ ಕೋಲಿನ ಮೇಲೆ ನಿಂತಿದೆ. 1808ರಿಂದ ರೆಜಿಮೆಂಟಿಗೆ ಒಂದೇ ಹದ್ದು ಅಂತ ಆದದ್ದು ನನಗೆ ಲಾಭ, ಎರಡನೇ ಬೆಟಾಲಿಯನ್ನಿಗೆ ಒಂದು ಸಾದಾ ಬಾವುಟ ಸಾಕು. ಉಳಿದಿರೋದು ಹದ್ದಿನ ಹಾರ. 8ನೇ ರೆಜಿಮೆಂಟಿನ ಹದ್ದಿಗೆ ಚಿನ್ನದ ಎಲೆಗಳ ಹಾರ ಇತ್ತು. ತೆಳು ತಂತಿ ಹೊಸೆದು 3 ಮಿಲಿಮೀಟರಿನ ಉಂಗುರ ಮಾಡಿದೆ, ಇಕ್ಕಳದಿಂದ ಚಿಮ್ಮಿ ಎಲ್ಲೋ ಹೋಯ್ತು. ಇನ್ನೊಂದು ಮಾಡಿದೆ, ಅದೂ ಹೋಯ್ತು. ಮೂರನೆಯದು ಈಗಷ್ಟೇ ಮೇಜಿನ ಕೆಳಗೆ ಟಿಂಗ್ ಅಂತು. ನಾಳೆ ಹಗಲು ಬೆಳಕಲ್ಲಿ ಹುಡುಕ್ತೀನಿ.