ಒಂದು ಕೀ ಒತ್ತಲು ಎಷ್ಟು ಗ್ರಾಂ ಬೇಕು?

ಬದಿಯಡ್ಕದ ನನ್ನ ಡಿಟಿಪಿ ಅಂಗಡಿಯಲ್ಲಿ ಕನ್ನಡ ಮತ್ತು ಮಲಯಾಳ ಎರಡನ್ನೂ ಭಾರತೀಯ ಭಾಷೆಗಳಿಗೆಂದೇ ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ವಿನ್ಯಾಸದಲ್ಲಿಯೇ ಟೈಪ್ ಮಾಡುತ್ತೇನೆ. ಎರಡು ಭಾಷೆಗಳಲ್ಲಿಯೂ ಅಕ್ಷರಗಳ ಸ್ಥಾನ ಒಂದೇ ಆಗಿರುವುದು ಕಾಸರಗೋಡಿನವರಿಗೆ ದೊಡ್ಡ ಅನುಕೂಲ. ಆದರೆ ಒತ್ತಕ್ಷರಕ್ಕೆ ಬೇಕಾದ ಹಲಂತ (್) ಇಂಗ್ಲಿಷಿನ ‘ಡಿ’ (D) ಕೀಯಲ್ಲಿಯೂ ‘ಆ’ಕಾರದ ದೀರ್ಘದ ಚಿಹ್ನೆ ಅದರ ಮೇಲಿನ ‘ಇ’ (E) ಕೀಯಲ್ಲಿಯೂ ಇರುವುದರಿಂದ ಎಡಗೈಯ ನಡುಬೆರಳಿಗೆ ಬಿಡುವೇ ಇರುವುದಿಲ್ಲ. ‘ಬ್ರಹ್ಮಕಲಶೋತ್ಸವ’ ಎಂಬ ಒಂದು ಪದ ಮುಗಿಯುವುದರೊಳಗೆ ಹಲಂತವನ್ನು ಮೂರು ಸಲ ಒತ್ತಬೇಕು. ಆ ಬೆರಳು ನೋಯತೊಡಗಿದ ಮೇಲೆ ಪ್ರತಿ ಕೀಯ ಕೆಳಗೂ ಸ್ಪ್ರಿಂಗುಳ್ಳ ಬಿಡಿ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡಿನ ಸ್ವಿಚ್‌ಗಳನ್ನು ಒತ್ತಲು ಬೇಕಾದ ಬಲವನ್ನು ನಾನೇ ಅಳೆದು ನೋಡಬೇಕೆನಿಸಿತು.

ಪೆಟ್ಟಿಗೆಯ ಮೇಲೆ ಒಂದೇ ಒಂದು ಸಂಖ್ಯೆ ಇರುತ್ತದೆ, ಅದನ್ನು ನಂಬಿ ಕೊಂಡರೆ ಪೂರ್ತಿ ವಿಷಯ ತಿಳಿದಂತಾಗುವುದಿಲ್ಲ. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಎಂಬ ಸ್ವಿಚ್ಚಿನ ಬಲ 45 ಸೆಂಟಿನ್ಯೂಟನ್ ಎನ್ನುತ್ತಾರೆ. ಅದು ಸುಮಾರು 46 ಗ್ರಾಂ ತೂಕಕ್ಕೆ ಸಮ. ಕೀ 2 ಮಿಲಿಮೀಟರ್ ಕೆಳಗಿಳಿದು ಒಳಗಿನ ಲೋಹದ ಎಸಳುಗಳು ಕೂಡಿಕೊಳ್ಳುವ ಹಂತದ ಬಲ ಅದು. ಬೆರಳು ಮುಟ್ಟಿದಾಗಲೇ ಸ್ಪ್ರಿಂಗು ಸುಮಾರು 30 ಸೆಂಟಿನ್ಯೂಟನ್‌ನಷ್ಟು ಎದುರೊತ್ತುತ್ತದೆ, 4 ಮಿಲಿಮೀಟರ್ ಇಳಿದು ತಳ ಮುಟ್ಟುವಾಗ ಅದು 60ರ ಆಸುಪಾಸಿಗೆ ಏರಿರುತ್ತದೆ. ವೇಗವಾಗಿ ಟೈಪ್ ಮಾಡುವವರು ಸಾಮಾನ್ಯವಾಗಿ ತಳದವರೆಗೂ ಒತ್ತಿಬಿಡುತ್ತಾರಾದ್ದರಿಂದ ಬೆರಳಿಗೆ ತಾಗುವುದು ಪೆಟ್ಟಿಗೆಯ ಮೇಲಿನ 45 ಅಲ್ಲ.

ಅಳೆಯುವ ಅಗ್ಗದ ವಿಧಾನವೆಂದರೆ ಕೀಯ ಮೇಲೆ ನಾಣ್ಯ ಪೇರಿಸುವುದು. ಅಮೆರಿಕದ ಹವ್ಯಾಸಿಗಳು ಇದಕ್ಕೆ 5 ಗ್ರಾಂ ತೂಗುವ ತಮ್ಮ ನಿಕಲ್ ನಾಣ್ಯವನ್ನು ಬಳಸುತ್ತಾರೆ. ನಮ್ಮಲ್ಲಿ 2019ಕ್ಕಿಂತ ಹಿಂದಿನ ಹಿತ್ತಾಳೆ ಬಣ್ಣದ ಐದು ರೂಪಾಯಿ ನಾಣ್ಯ 6 ಗ್ರಾಂ ತೂಗುತ್ತದೆ. ಲೆಕ್ಕದ ಪ್ರಕಾರ ಏಳು ನಾಣ್ಯಕ್ಕೆ, ಅಂದರೆ 42 ಗ್ರಾಂಗೆ, ಅಕ್ಷರ ಮೂಡಬಾರದು, ಎಂಟನೆಯದಕ್ಕೆ ಮೂಡಬೇಕು. ನಡುವಿನ ಅಂತರ ತುಂಬಲು ಮೇಲೊಂದು ಪುಟ್ಟ ಮುಚ್ಚಳವಿಟ್ಟು, ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜಿನಿಂದ ಹನಿಹನಿಯಾಗಿ ನೀರು ಹಾಕಬಹುದು. 1 ಮಿಲಿಲೀಟರ್ ನೀರೆಂದರೆ 1 ಗ್ರಾಂ. ಮುಚ್ಚಳದ ತೂಕವನ್ನೂ ಕೀಯ ಮೇಲಿನ ಟೊಪ್ಪಿಯ ತೂಕವನ್ನೂ ಸೇರಿಸಲು ಮರೆಯಬಾರದು. ನಾಣ್ಯವನ್ನು ಮೇಲಿನಿಂದ ಬಿಟ್ಟರೆ ಬಿದ್ದ ರಭಸವೂ ಸೇರಿಕೊಳ್ಳುತ್ತದೆ, ಒಂದು ಬದಿಗೆ ವಾಲಿಸಿ ಇಟ್ಟರೆ ಕೀಯೊಂದಿಗೆ ಇಳಿಯುವ ಒಳಗಿನ ಕಾಂಡ ಸ್ವಿಚ್ಚಿನ ಗೋಡೆಗೆ ಉಜ್ಜಿ ಬಲ ಹೆಚ್ಚಾದಂತೆ ತೋರುತ್ತದೆ.

ಈ ವಿಧಾನದ ನಿಜವಾದ ಮಿತಿ ಕಾಣುವುದು ಇಳಿಯುವ ದಾರಿಯ ನಡುವೆ ಬೆರಳಿಗೆ ತಡೆಯಂತೆ ತಾಗುವ ಉಬ್ಬು ಇರುವ, ಚೆರ್ರಿಯದೇ ಎಂಎಕ್ಸ್ ಬ್ರೌನ್‌ನಂಥ ಸ್ವಿಚ್ಚುಗಳಲ್ಲಿ. ರೆಡ್‌ನಲ್ಲಿ ನಾಣ್ಯಗಳ ಭಾರಕ್ಕೆ ತಕ್ಕಷ್ಟು ಇಳಿದು ಕೀ ನಡುದಾರಿಯಲ್ಲಿ ನಿಂತುಕೊಳ್ಳುತ್ತದೆ. ಬ್ರೌನ್‌ನಲ್ಲಿ ಉಬ್ಬನ್ನು ದಾಟುವಷ್ಟು ಭಾರ ಬೀಳುವವರೆಗೆ ಮುಂದಕ್ಕೆ ಹೋಗದೆ ನಿಂತು, ದಾಟಿದೊಡನೆ ಥಟ್ಟನೆ ಕುಸಿಯುತ್ತದೆ. ಅಂದರೆ ನಾಣ್ಯಗಳು ಹೇಳುವುದು ಉಬ್ಬಿನ ತುದಿಯ ಬಲವನ್ನೇ ಹೊರತು ಸಂಪರ್ಕ ಕೂಡುವ ಹಂತದ ಬಲವನ್ನಲ್ಲ. ಬ್ರೌನ್‌ಗೆ ಒಂದೆಡೆ 45, ಇನ್ನೊಂದೆಡೆ 55 ಎಂದು ಬರೆದಿರುವುದನ್ನು ಕಂಡು ಗೊಂದಲಪಡುವವರಿದ್ದಾರೆ. 55 ಎಂಬುದು ಆ ತುದಿಯ ಲೆಕ್ಕ.

ಹಾಗಾಗಿ ನಾನು ತಕ್ಕಡಿಗೆ ಬಂದೆ. ಪವನಿನ ಲೆಕ್ಕದಲ್ಲಿ ಚಿನ್ನ ತೂಗುವ ನಮ್ಮ ಊರುಗಳಲ್ಲಿ 0.01 ಗ್ರಾಂ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಗೆ ಹುಡುಕಾಡಬೇಕಾಗಿಲ್ಲ. ಬಿಡಿ ಸ್ವಿಚ್ಚನ್ನು ಅದರ ತಟ್ಟೆಯ ಮೇಲೆ ಕೂರಿಸಿ, ಹಲಸಿನ ಹಲಗೆಯ ಚೌಕಟ್ಟಿನಲ್ಲಿ ಬಿಗಿದ ನಟ್ಟಿನ ಮೂಲಕ ಎಂ6 ಬೋಲ್ಟನ್ನು ಮೇಲಿನಿಂದ ಇಳಿಸುತ್ತೇನೆ. ಎಂ6 ಬೋಲ್ಟಿನ ಸಾಮಾನ್ಯ ಮರೆಯ (ತಿರುಪಿನ ಗೆರೆಗಳ) ಅಂತರ 1 ಮಿಲಿಮೀಟರ್ ಆದ್ದರಿಂದ ಕಾಲು ಸುತ್ತು ತಿರುಗಿಸಿದರೆ 0.25 ಮಿಲಿಮೀಟರ್ ಇಳಿಯುತ್ತದೆ, ಪ್ರತಿ ಕಾಲು ಸುತ್ತಿಗೂ ತಕ್ಕಡಿಯ ಅಂಕಿಯನ್ನು ಬರೆದುಕೊಳ್ಳುತ್ತಾ ಹೋದರೆ ಸ್ವಿಚ್ಚಿನ ಪೂರ್ತಿ ನಕ್ಷೆಯೇ ಸಿಗುತ್ತದೆ. ಎರಡು ಪಿನ್ನುಗಳಿಗೆ ತೆಳುವಾದ ತಂತಿಯಿಂದ ಮಲ್ಟಿಮೀಟರ್ ಜೋಡಿಸಿಟ್ಟರೆ ಅದು ಬೀಪ್ ಎಂದ ಕ್ಷಣವೇ ಸಂಪರ್ಕ ಕೂಡುವ ಹಂತ. ಬೋಲ್ಟಿನ ತುದಿ ಕಾಂಡವನ್ನು ತಿರುಚದಂತೆ ನಡುವೆ ಒಂದು ನಾಣ್ಯ ಇರಲಿ. ಅಗ್ಗದ ತಕ್ಕಡಿಗಳಿಗೆ ಇನ್ನೊಂದು ಗುಣವಿದೆ: ಸೊನ್ನೆಯ ಹತ್ತಿರ ಬಹಳ ನಿಧಾನವಾಗಿ ಏರುವ ಭಾರವನ್ನು ಅವು ತಾವಾಗಿಯೇ ಸೊನ್ನೆಗೆ ಎಳೆದುಬಿಡುತ್ತವೆ. ಆದ್ದರಿಂದ ಗೊತ್ತಿರುವ ಒಂದು ತೂಕವನ್ನು ಮೊದಲೇ ತಟ್ಟೆಯಲ್ಲಿಟ್ಟು, ಕೊನೆಗೆ ಕಳೆಯುವುದು ಒಳ್ಳೆಯದು.

ಇಷ್ಟು ಮಾಡಿದಾಗ ಒಂದೇ ಕೀಬೋರ್ಡಿನ ಸ್ವಿಚ್ಚುಗಳ ನಡುವೆಯೂ ಕೆಲವು ಗ್ರಾಂಗಳ ವ್ಯತ್ಯಾಸ ಕಂಡಿತು. ತಯಾರಕರು ಬಲದ ಸಂಖ್ಯೆಯ ಪಕ್ಕದಲ್ಲಿ 10 ಅಥವಾ 15 ಗ್ರಾಂ ಹೆಚ್ಚುಕಡಿಮೆ ಎಂದು ನಮೂದಿಸುವುದುಂಟು, ಹಾಗಾಗಿ ಇದನ್ನು ದೋಷವೆನ್ನಲಾಗದು.

ಸ್ಪ್ರಿಂಗು ಮಾತ್ರ ಬದಲಿಸಲು ಹೊರಟವರು ಮಾರುವವರನ್ನು ಒಂದು ಮಾತು ಕೇಳಬೇಕು: ಈ ಸಂಖ್ಯೆ ಯಾವ ಹಂತದ್ದು? ಬಿಡಿ ಸ್ಪ್ರಿಂಗುಗಳಿಗೆ ತಳ ಮುಟ್ಟುವ ಬಲವನ್ನೇ ಹೆಸರಾಗಿ ಇಡುವುದು ಹೆಚ್ಚು ರೂಢಿ. ಆ ಲೆಕ್ಕದಲ್ಲಿ 62 ಗ್ರಾಂ ಸ್ಪ್ರಿಂಗು ರೆಡ್‌ನಲ್ಲಿ ಈಗಾಗಲೇ ಇರುವುದಕ್ಕಿಂತ ಹೆಚ್ಚೇನೂ ಬೇರೆಯಲ್ಲ, ಬೆರಳಿಗೆ ನಿಜಕ್ಕೂ ಹಗುರವಾಗಬೇಕಿದ್ದರೆ 55 ಅಥವಾ ಅದಕ್ಕಿಂತ ಕಡಿಮೆಯದನ್ನು ತರಿಸಬೇಕಾಗುತ್ತದೆ.