ಅಗಬ ಹೇಳಿದ್ದೆಷ್ಟು, ಜನ ಕೇಳಿಸ್ಕೊಂಡಿದ್ದೆಷ್ಟು

ಬೆಳಿಗ್ಗೆ ಬೈಬಲಿನ ಅಪೊಸ್ತಲರ ಕೃತ್ಯಗಳು 21ನೇ ಅಧ್ಯಾಯ ಓದ್ತಾ ಒಂದು ಕಡೆ ನಿಂತ್ಬಿಟ್ಟೆ. ಯೆರೂಸಲೇಮಿಗೆ ಹೊರಟಿದ್ದ ಅಪೊಸ್ತಲ ಪೌಲ ದಾರಿಯಲ್ಲಿ ಕೈಸರೈಯ ಪಟ್ಟಣದಲ್ಲಿ ಫಿಲಿಪ್ಪನ ಮನೇಲಿ ಇದ್ದಾಗ ಅಗಬ ಅನ್ನೋ ಪ್ರವಾದಿ ಬಂದು, ಪೌಲನ ನಡುಕಟ್ಟಿಂದ ತನ್ನ ಕೈಕಾಲನ್ನೇ ಕಟ್ಕೊಂಡು, ಈ ನಡುಕಟ್ಟಿನವನನ್ನ ಯೆರೂಸಲೇಮಲ್ಲಿ ಹೀಗೇ ಕಟ್ಟಿ ಅನ್ಯಜನರ ಕೈಗೆ ಒಪ್ಪಿಸ್ತಾರೆ ಅಂತಾನೆ. ಅಷ್ಟೇ. ಹೋಗಬೇಡ ಅಂತ ಅವನು ಹೇಳೋದೇ ಇಲ್ಲ, ಹಾಗೆ ಅತ್ತು ಬೇಡ್ಕೊಂಡಿದ್ದು ಅಲ್ಲಿದ್ದ ಜನ, ಪ್ರೀತಿಗೆ. ಪೌಲ ಸಾಯೋಕೂ ರೆಡಿ ಅಂದ, ಆಮೇಲೆ ಅವ್ರೇ ಕರ್ತನ ಚಿತ್ತ ಆಗಲಿ ಅಂತ ಸುಮ್ಮನಾದ್ರು.

ಮುಂದೆ ಕಷ್ಟ ಇದೆ ಅಂತ ಪ್ರವಾದನೆ ಬಂದ್ರೆ ದೇವರು ದಾರಿ ಮುಚ್ಚಿದ್ದಾನೆ ಅಂತಾನೇ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ. ಅಗಬನ ಮಾತು ಓದಿದ್ಮೇಲೆ ಹಾಗಲ್ಲ ಅನ್ನಿಸ್ತು. ಆದ್ರೆ 4ನೇ ವಚನದಲ್ಲಿ ತೂರ್ ಪಟ್ಟಣದ ಶಿಷ್ಯರು ಆತ್ಮದ ಪ್ರೇರಣೆಯಿಂದ್ಲೇ ಹೋಗಬೇಡ ಅಂದಿದ್ರಲ್ವಾ, ಅದನ್ನೂ ಇದ್ರ ಜೊತೆ ಇಟ್ಟು ರಾತ್ರಿ ಇನ್ನೊಂದ್ಸಲ ನಿಧಾನಕ್ಕೆ ಓದ್ಬೇಕು.